ಸಾಯುವ ಮೊದಲೇ ಸೊರಗುವ ಮೀನು



ಮೀನು ಕೊಳ್ಳುವುದನ್ನು ಕರಾವಳಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬುಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಬಂಗುಡೆಯ ಕಿವಿರಿನ ಮುಚ್ಚಳವನ್ನು ಹೆಬ್ಬೆರಳಿನಿಂದ ಎತ್ತಿ ಒಳಗೆ ನೋಡುತ್ತಾರೆ. ಕೆಂಪಗಿದ್ದರೆ ತಾಜಾ, ಕಂದಿದ್ದರೆ ಹಳತು. ಕಣ್ಣು ನೋಡುತ್ತಾರೆ, ಹೊಟ್ಟೆ ಒತ್ತಿ ನೋಡುತ್ತಾರೆ. ಇದೆಲ್ಲ ಮೀನು ಸತ್ತ ಮೇಲಿನ ಪರೀಕ್ಷೆ. ಬದುಕಿದ್ದಾಗ ಅದಕ್ಕೆ ಸಲೀಸಾಗಿ ಉಸಿರಾಡಲು ಆಗುತ್ತಿತ್ತೇ, ಅದರ ಯಕೃತ್ತು ನೆಟ್ಟಗಿತ್ತೇ, ಹಾಕಿದ ಮೊಟ್ಟೆಯಿಂದ ಮರಿ ಹೊರಬರುವಷ್ಟು ಅದು ಗಟ್ಟಿಯಾಗಿತ್ತೇ ಎಂದು ನಾವು ಕೇಳುವುದಿಲ್ಲ. ಇವತ್ತು ಅದನ್ನು ಕೇಳೋಣ.

ಬೇಸಿಗೆಯಲ್ಲಿ ಹೊಳೆಯ ಹರಿವು ಕುಗ್ಗಿದಾಗ, ಅಳಿವೆಯ ಮೇಲ್ಬದಿಯಲ್ಲೋ ಕಿಂಡಿ ಅಣೆಕಟ್ಟಿನ ಹಿಂದೆಯೋ ನೀರು ಕಪ್ಪಾಗಿ, ಮೀನುಗಳು ಹೊಟ್ಟೆ ಮೇಲಾಗಿ ತೇಲುವುದುಂಟು. ಮಂಗಳೂರಿನ ಫಲ್ಗುಣಿಯಲ್ಲಿ, ಗುರುಪುರ ಹೊಳೆ ಎಂದು ನಾವು ಕರೆಯುವ ನದಿಯಲ್ಲಿ, ಹೀಗಾದ ಸುದ್ದಿಯನ್ನು ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ. ಚಿತ್ರ ಅಚ್ಚಾಗುತ್ತದೆ, ಊರವರು ಸೇರುತ್ತಾರೆ, ಬಾಟಲಿಯಲ್ಲಿ ನೀರು ತುಂಬಿಸಿಕೊಂಡು ಹೋಗುತ್ತಾರೆ. ಆಮೇಲೆ ಮಳೆ ಬರುತ್ತದೆ, ಹೊಳೆ ತುಂಬುತ್ತದೆ, ವಿಷಯ ಅಲ್ಲಿಗೆ ಮುಗಿಯುತ್ತದೆ. ಸತ್ತು ತೇಲಿದ ಮೀನು ಎಲ್ಲರ ಕಣ್ಣಿಗೆ ಬೀಳುತ್ತದೆ. ಸಾಯದೆ ಉಳಿದದ್ದು ಕಾಣುವುದಿಲ್ಲ. ಮೈತುಂಬ ಕಾಯಿಲೆ ಹೊತ್ತುಕೊಂಡು ಅದು ಕಡಲಿಗೆ ಇಳಿಯುತ್ತದೆ, ಅಲ್ಲಿ ಸರಿಯಾಗಿ ತಿನ್ನಲಾರದೆ, ಬೆಳೆಯಲಾರದೆ, ಒಂದು ದಿನ ಇನ್ನೊಂದು ಮೀನಿನ ಬಾಯಿಗೆ ಸುಲಭದ ತುತ್ತಾಗುತ್ತದೆ. ಮಾಲಿನ್ಯದ ಹೆಚ್ಚಿನ ಹಾನಿ ಆಗುವುದು ಹೀಗೆ, ಯಾರ ಲೆಕ್ಕಕ್ಕೂ ಸಿಗದೆ.

ಮೊದಲು ಉಸಿರಿನ ಮಾತು. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. ನಮ್ಮ ಕಡಲಿನ ಬೆಚ್ಚಗಿನ ಉಪ್ಪುನೀರಿನ ಒಂದು ಲೀಟರಿನಲ್ಲಿ, ನೀರು ಎಷ್ಟೇ ಶುದ್ಧವಾಗಿದ್ದರೂ, ಆರು ಮಿಲಿಗ್ರಾಮಿನ ಆಸುಪಾಸಿನಲ್ಲಿ ಮಾತ್ರ ಕರಗಿರುತ್ತದೆ. ಅಷ್ಟರಲ್ಲೇ ಮೀನು ಬದುಕಬೇಕು. ಅದಕ್ಕಾಗಿಯೇ ಕಿವಿರಿನ ಎಸಳುಗಳು ಅಷ್ಟು ತೆಳು, ಅಷ್ಟು ಒತ್ತೊತ್ತು. ರಕ್ತಕ್ಕೂ ನೀರಿಗೂ ನಡುವೆ ಇರುವುದು ಕೂದಲೆಳೆಗಿಂತ ಎಷ್ಟೋ ತೆಳುವಾದ ಒಂದು ಪೊರೆ. ಆಮ್ಲಜನಕ ಒಳಗೆ ಬರುವುದೂ ಅಮೋನಿಯ ಹೊರಗೆ ಹೋಗುವುದೂ ಮೈಯ ಉಪ್ಪಿನ ಹದ ಕಾಯುವುದೂ ಅದೇ ಜಾಗದಲ್ಲಿ.

ನೀರಿನಲ್ಲಿ ಕಾರ್ಖಾನೆಯ ತ್ಯಾಜ್ಯವೋ ಮಾರ್ಜಕವೋ ಲೋಹವೋ ಹೆಚ್ಚಾದಾಗ ಕಿವಿರು ತನ್ನನ್ನು ತಾನು ಕಾಪಾಡಿಕೊಳ್ಳಲು ನೋಡುತ್ತದೆ. ಲೋಳೆ ಸುರಿಸುತ್ತದೆ, ಪೊರೆಯನ್ನು ದಪ್ಪ ಮಾಡಿಕೊಳ್ಳುತ್ತದೆ. ಕೆಲವು ದಿನಗಳಲ್ಲಿ ಎಸಳಿಗೆ ಎಸಳು ಅಂಟಿಕೊಳ್ಳುತ್ತದೆ. ಅಡುಗೆಮನೆಯ ಕಿಟಕಿಯ ಜಾಲರಿಗೆ ಎಣ್ಣೆಜಿಡ್ಡು ಹಿಡಿದು ಗಾಳಿ ಆಡದೆ ಹೋಗುವ ಹಾಗೆ, ಈ ಕಿವಿರಿನಲ್ಲಿ ನೀರು ಹರಿದರೂ ಉಸಿರು ಸಿಗುವುದಿಲ್ಲ. ವಿಷವನ್ನು ತಡೆಯಲು ಹಾಕಿಕೊಂಡ ಗೋಡೆಯೇ ಆಮ್ಲಜನಕವನ್ನೂ ತಡೆಯುತ್ತದೆ. ಅಂಥ ಮೀನು ಸುಮ್ಮನೆ ನಿಂತಿರುವಾಗ ಆರೋಗ್ಯವಾಗಿಯೇ ಕಾಣುತ್ತದೆ. ಬಲೆಯಿಂದ ತಪ್ಪಿಸಿಕೊಳ್ಳಬೇಕಾದಾಗ, ಹೊಳೆಯ ಸೆಳೆತಕ್ಕೆ ಎದುರು ಈಜಬೇಕಾದಾಗ, ಮೊಟ್ಟೆಯಿಡುವ ಹೊತ್ತು ಬಂದಾಗ ಅದರ ದೌರ್ಬಲ್ಯ ಹೊರಬೀಳುತ್ತದೆ.

ಇನ್ನು ಊರಿನ ಕೊಳಚೆ ನೀರು. ಅದರಲ್ಲಿ ವಿಷವೇ ಇರಬೇಕೆಂದಿಲ್ಲ, ಕೊಳೆಯುವ ವಸ್ತು ಇದ್ದರೆ ಸಾಕು. ಶುದ್ಧೀಕರಿಸದ ಒಂದು ಲೀಟರ್ ಚರಂಡಿ ನೀರಿನಲ್ಲಿರುವುದನ್ನು ಕೊಳೆಸಿ ಮುಗಿಸಲು ಸೂಕ್ಷ್ಮಾಣುಗಳು ಸುಮಾರು 200 ಮಿಲಿಗ್ರಾಂ ಆಮ್ಲಜನಕ ಬಳಸುತ್ತವೆ. ಮೂವತ್ತು ಲೀಟರಿಗೂ ಮಿಕ್ಕಿದ ಒಳ್ಳೆಯ ಕಡಲ ನೀರನ್ನು ಪೂರ್ತಿ ಬರಿದು ಮಾಡಲು ಅಷ್ಟು ಸಾಕು. ಮೀನು ಬದುಕಿ ವೃದ್ಧಿಯಾಗಲು ನದಿಯ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಇರಬೇಕೆಂದು ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ ಹೇಳುತ್ತದೆ. ಎರಡಕ್ಕಿಂತ ಕೆಳಗಿಳಿದರೆ ಓಡಬಲ್ಲದ್ದು ಓಡುತ್ತದೆ, ಓಡಲಾರದ್ದು ಸಾಯುತ್ತದೆ. ಮರುವಾಯಿಯಂಥ ಚಿಪ್ಪುಜೀವಿ ಎಲ್ಲಿಗೆ ಓಡೀತು?

ಇಲ್ಲಿ ಪಶ್ಚಿಮ ಕರಾವಳಿಯ ಒಂದು ವಿಶೇಷವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಬೇರೆ ಕಡಲುಗಳ ಲೆಕ್ಕ ನಮಗೆ ಹೊಂದುವುದಿಲ್ಲ. ಮಳೆಗಾಲದ ಗಾಳಿ ಮತ್ತು ಪ್ರವಾಹಗಳಿಂದಾಗಿ ನಮ್ಮ ದಡದ ಬಳಿಯ ಮೇಲ್ನೀರು ಆಚೆ ಸರಿಯುತ್ತದೆ, ಆ ಜಾಗಕ್ಕೆ ಅರಬ್ಬಿ ಸಮುದ್ರದ ಆಳದ ತಣ್ಣೀರು ಏರಿ ಬರುತ್ತದೆ. ಅದು ತರುವ ಪೋಷಕಾಂಶದಿಂದ ಪ್ಲವಕಗಳು ಹುಲುಸಾಗಿ ಬೆಳೆಯುತ್ತವೆ. ಬೂತಾಯಿ, ಬಂಗುಡೆಗಳ ಸಮೃದ್ಧಿಗೆ ಇದೇ ಮೂಲ. ರಂಪಣಿ ಬಲೆಯ ಕಾಲದಿಂದ ನಮ್ಮ ದಡಕ್ಕೆ ಬೂತಾಯಿಯ ರಾಶಿ ಬಂದದ್ದು ಈ ನೀರಿನ ಕೃಪೆಯಿಂದ. ಆದರೆ ಆಳದಿಂದ ಬರುವ ಈ ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ. ಪ್ಲವಕ ಸತ್ತು ತಳಕ್ಕಿಳಿದು ಕೊಳೆಯುವಾಗ ಇದ್ದದ್ದೂ ಇಳಿಯುತ್ತದೆ. ಆಗಸ್ಟಿನಿಂದ ಅಕ್ಟೋಬರ್ ವರೆಗೆ ನಮ್ಮ ತೀರದ ತಳದ ನೀರು ಸಹಜವಾಗಿಯೇ ಉಸಿರುಗಟ್ಟುವ ಸ್ಥಿತಿಯಲ್ಲಿರುತ್ತದೆ. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಎಸ್.ಡಬ್ಲ್ಯು.ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ವಿಷಯವನ್ನು ವಿವರಿಸಿದರು. ಭಾರತದ ಪಶ್ಚಿಮ ತೀರದ್ದು ಜಗತ್ತಿನಲ್ಲೇ ಅತಿ ದೊಡ್ಡದಾದ, ಸಹಜವಾಗಿ ಉಂಟಾಗುವ ಕರಾವಳಿಯ ಆಮ್ಲಜನಕ ಕೊರತೆಯ ವಲಯ ಎಂದರು. ನೆಲದಿಂದ ಹರಿದುಹೋಗುವ ಸಾರಜನಕ ಗೊಬ್ಬರ ಈ ಕೊರತೆಯನ್ನು ಇನ್ನಷ್ಟು ತೀವ್ರಗೊಳಿಸುತ್ತಿರಬಹುದೆಂದೂ ಎಚ್ಚರಿಸಿದರು.

ಕಡಲು ದೊಡ್ಡದು, ಎಷ್ಟು ಸುರಿದರೂ ಕರಗಿಹೋಗುತ್ತದೆ ಎನ್ನುವವರು ಈ ಮಾತನ್ನು ಗಮನಿಸಬೇಕು. ನಮ್ಮ ತೀರದ ಮೀನಿಗೆ ವರ್ಷಕ್ಕೆ ಎರಡು ಮೂರು ತಿಂಗಳು ಪ್ರಕೃತಿಯೇ ಕೊಡುವ ಕಷ್ಟವಿದೆ. ತಲೆತಲಾಂತರದಿಂದ ಅದು ಆ ಕಷ್ಟಕ್ಕೆ ಒಗ್ಗಿಕೊಂಡಿದೆ, ಮೇಲಿನ ಪದರಕ್ಕೆ ಬರುತ್ತದೆ, ದಡದ ಅಂಚಿಗೆ ಸರಿಯುತ್ತದೆ, ಅಳಿವೆಯೊಳಗೆ ಹೊಗುತ್ತದೆ. ಅದು ಆಶ್ರಯಕ್ಕೆ ಬರುವ ಆ ಅಂಚು, ಆ ಅಳಿವೆ, ಅಲ್ಲಿಗೇ ನಾವು ಚರಂಡಿಯ ಬಾಯಿ ಇಟ್ಟಿದ್ದೇವೆ. ಹೋಗಲು ಬೇರೆ ಜಾಗವನ್ನೇ ಉಳಿಸಿಲ್ಲ.

2020ರ ನವೆಂಬರಿನಲ್ಲಿ ಉಡುಪಿ, ಮಂಗಳೂರಿನ ಕಡಲತೀರಗಳಲ್ಲಿ ರಾತ್ರಿಯ ಅಲೆಗಳು ನೀಲಿಯಾಗಿ ಹೊಳೆದದ್ದನ್ನು ನೋಡಲು ಜನ ಕಾರು ಮಾಡಿಕೊಂಡು ಹೋದರು. ನಾಕ್ಟಿಲೂಕ ಎಂಬ ಸೂಕ್ಷ್ಮಜೀವಿ ವಿಪರೀತವಾಗಿ ಹೆಚ್ಚಿದಾಗ ಹೀಗಾಗುತ್ತದೆ. ಅದು ತಾನಾಗಿ ವಿಷಕಾರಿಯಲ್ಲದಿರಬಹುದು, ಆದರೆ ದಟ್ಟವಾಗಿ ಹಬ್ಬಿದಾಗ ಅಮೋನಿಯ ಬಿಡುತ್ತದೆ, ಸತ್ತು ಕೊಳೆಯುವಾಗ ಆಮ್ಲಜನಕ ನುಂಗುತ್ತದೆ. ಚಂದದ ಆ ಬೆಳಕಿನ ಕೆಳಗೆ ಮೀನಿಗೆ ಇರಲು ಅದು ಒಳ್ಳೆಯ ರಾತ್ರಿಯಾಗಿರುವುದಿಲ್ಲ.

ಈಗ ತಳಕ್ಕೆ ಹೋಗೋಣ. ಎಣ್ಣೆ, ಡಾಂಬರಿನ ಅಂಶ, ಸೀಸ, ಸತು, ಕ್ಯಾಡ್ಮಿಯಂ ಮೊದಲಾದ ಬಹುಪಾಲು ಮಲಿನ ವಸ್ತುಗಳು ನೀರಿನಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮಣ್ಣಿನ ಕಣಕ್ಕೆ ಅಂಟಿ ಕೆಸರಿನಲ್ಲಿ ಕೂರುತ್ತವೆ. ಆದ್ದರಿಂದ ಕೆಸರಿನಲ್ಲೇ ಬಾಳುವ, ಕೆಸರನ್ನೇ ಕೆದಕಿ ತಿನ್ನುವ ಮೀನಿಗೆ ಪೆಟ್ಟು ಹೆಚ್ಚು. ನಮ್ಮಲ್ಲಿ ನಂಗು ಅಂಥದ್ದು. ಅಮೆರಿಕದ ಸಿಯಾಟಲ್ ನಗರದ ಎದುರಿಗಿರುವ ಈಗಲ್ ಹಾರ್ಬರ್ ಎಂಬ ಚಿಕ್ಕ ಕೊಲ್ಲಿಯಲ್ಲಿ ಮರಕ್ಕೆ ಕ್ರಿಯೊಸೋಟ್ ಎಂಬ ಟಾರಿನೆಣ್ಣೆ ಹಚ್ಚುವ ಕಾರ್ಖಾನೆಯೊಂದಿತ್ತು. ಅದರ ತ್ಯಾಜ್ಯ ದಶಕಗಳ ಕಾಲ ಕೆಸರಿಗೆ ಇಳಿದಿತ್ತು. ನಂಗಿನಂತೆಯೇ ತಳಕ್ಕೆ ಮೈಯೊತ್ತಿ ಮಲಗುವ ‘ಇಂಗ್ಲಿಷ್ ಸೋಲ್’ ಎಂಬ ಚಪ್ಪಟೆ ಮೀನನ್ನು ಅಲ್ಲಿ ಹಿಡಿದು ಹೊಟ್ಟೆ ಸೀಳಿದರೆ ಯಕೃತ್ತಿನಲ್ಲಿ ಗಂಟುಗಳು, ಗೆಡ್ಡೆಗಳು. ಹೊರಗಿನಿಂದ ನೋಡಿದರೆ ಎಷ್ಟೋ ಮೀನುಗಳಲ್ಲಿ ಏನೂ ತೋರುತ್ತಿರಲಿಲ್ಲ.

ಯಕೃತ್ತಿಗೇ ಯಾಕೆ? ಮೈಗೆ ಸೇರಿದ ವಿಷವನ್ನು ಒಡೆದು ಹೊರಹಾಕುವ ಕೆಲಸ ಅದರದು. ಟಾರು, ಡೀಸೆಲ್, ಹೊಗೆಮಸಿಗಳಲ್ಲಿರುವ ಕೆಲವು ರಾಸಾಯನಿಕಗಳನ್ನು ಒಡೆಯುವಾಗ ಮೂಲಕ್ಕಿಂತ ಹೆಚ್ಚು ಅಪಾಯದ ತುಣುಕುಗಳು ಹುಟ್ಟುತ್ತವೆ, ಅವು ಜೀವಕೋಶದ ಡಿಎನ್‌ಎಗೇ ಅಂಟಿಕೊಳ್ಳುತ್ತವೆ. ಕೆಲಸ ಮಾಡುವ ಅಂಗವೇ ಮೊದಲು ಹಾಳಾಗುತ್ತದೆ. ಯಕೃತ್ತು ಹಾಳಾದ ಹೆಣ್ಣುಮೀನು ಮೊಟ್ಟೆಗೆ ಬೇಕಾದ ಹಳದಿಯ ಪ್ರೋಟೀನನ್ನು ಸಾಕಷ್ಟು ತಯಾರಿಸಲಾರದು. ಅಂದರೆ ಪೆಟ್ಟು ಮುಂದಿನ ತಲೆಮಾರಿಗೆ.

ಇದರ ತಿರುವುಮುರುವನ್ನು ಬ್ರಿಟನ್ನಿನಲ್ಲಿ ಕಂಡರು. ಚರಂಡಿ ಶುದ್ಧೀಕರಣ ಘಟಕದ ನೀರು ಬೀಳುವಲ್ಲಿ ಇದ್ದ ಗಂಡುಮೀನುಗಳ ರಕ್ತದಲ್ಲಿ ಆ ಹಳದಿಯ ಪ್ರೋಟೀನ್ ಸಿಕ್ಕಿತು. ಗಂಡಿನಲ್ಲಿ ಅದು ಇರಲೇಬಾರದು. ಮನುಷ್ಯರ ಮೈಯಿಂದ ಹೊರಹೋಗುವ ಹಾರ್ಮೋನು, ಗರ್ಭನಿರೋಧಕ ಮಾತ್ರೆಯ ಉಳಿಕೆ, ಮಾರ್ಜಕಗಳ ಒಡೆದ ಅಂಶ ಇವು ಕಾರಣವೆಂದು 1990ರ ದಶಕದ ಸಂಶೋಧನೆಗಳು ತೋರಿಸಿದವು. ಮರ್ಸಿ, ಟೈನ್ ನದಿಗಳ ಅಳಿವೆಯ ಚಪ್ಪಟೆ ಮೀನುಗಳಲ್ಲೂ ಇದು ಕಂಡಿತು.

ನಮ್ಮ ದಕ್ಕೆಗಳ ವಿಚಾರಕ್ಕೆ ಬರುತ್ತೇನೆ. ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ಮಳೆಗಾಲ ಬೂತಾಯಿ, ಬಂಗುಡೆಗಳು ಹೆಚ್ಚಾಗಿ ಮೊಟ್ಟೆಯಿಡುವ ಕಾಲ, ಅವನ್ನು ಬಿಟ್ಟುಬಿಡೋಣ ಎಂಬ ಒಳ್ಳೆಯ ವಿವೇಕ ಅದರ ಹಿಂದಿದೆ. ಆದರೆ ಬೋಟುಗಳು ದಡಕ್ಕೆ ಬರುವುದೂ ಆಗಲೇ. ಎಂಜಿನ್ ಬಿಚ್ಚುವುದು, ಹಳೆಯ ಬಣ್ಣ ಹೆರೆಯುವುದು, ಹೊಸದು ಬಳಿಯುವುದು, ಕರಿಯೆಣ್ಣೆ ಬದಲಿಸುವುದು ಎಲ್ಲ ಈ ಎರಡು ತಿಂಗಳಲ್ಲಿ, ಸುರಿಯುವ ಮಳೆಯ ಕೆಳಗೆ. ನೆಲಕ್ಕೆ ಚೆಲ್ಲಿದ್ದೆಲ್ಲ ತೊಳೆದುಕೊಂಡು ನೀರಿಗೆ. ಮೀನಿಗೆ ರಜೆ ಕೊಟ್ಟ ದಿನಗಳಲ್ಲೇ ಎಣ್ಣೆ ಕುಡಿಸಿದ ಹಾಗಾಗುತ್ತದೆ.

ಎಣ್ಣೆಯಿಂದ ದೊಡ್ಡ ಮೀನಿಗಿಂತ ಮೊಟ್ಟೆಗೆ ಅಪಾಯ ಹೆಚ್ಚು. 1989ರಲ್ಲಿ ಅಲಾಸ್ಕದಲ್ಲಿ ‘ಎಕ್ಸಾನ್ ವಾಲ್ಡೀಜ್’ ಹಡಗಿನ ತೈಲ ಸೋರಿದ ಮೇಲೆ ನಡೆದ ಅಧ್ಯಯನಗಳು ಇದನ್ನು ಸ್ಪಷ್ಟಪಡಿಸಿದವು. ತೈಲದ ಅಂಶ ನೀರಿನಲ್ಲಿ ತೀರ ಕಡಿಮೆ ಇದ್ದಾಗಲೂ ಹೆರ್ರಿಂಗ್, ಸಾಲ್ಮನ್ ಮೀನುಗಳ ಭ್ರೂಣದ ಹೃದಯ ಸರಿಯಾಗಿ ರೂಪುಗೊಳ್ಳುವುದಿಲ್ಲ. ಮರಿ ಹುಟ್ಟುತ್ತದೆ, ಈಜುತ್ತದೆ ಕೂಡ, ಆದರೆ ಅದರ ಹೃದಯಕ್ಕೆ ತ್ರಾಣ ಇರುವುದಿಲ್ಲ. ಹೆರ್ರಿಂಗ್ ನಮ್ಮ ಬೂತಾಯಿಯ ದೂರದ ಸಂಬಂಧಿ ಎಂಬುದನ್ನು ನೆನಪಿಟ್ಟುಕೊಳ್ಳಿ. ಕಾರವಾರದ ಬಳಿ ‘ಓಷನ್ ಸೆರಾಯ’ ಎಂಬ ಹಡಗು ಬಂಡೆಗೆ ಬಡಿದು ನೂರಾರು ಟನ್ ಎಣ್ಣೆ ಚೆಲ್ಲಿದ್ದು 2006ರ ಮೇ 30ರಂದು, ಮಳೆಗಾಲದ ಹೊಸ್ತಿಲಲ್ಲಿ. ಹಡಗು ಒಡೆದರೆ ಎಲ್ಲರಿಗೂ ಗೊತ್ತಾಗುತ್ತದೆ. ದಕ್ಕೆಯಲ್ಲಿ ದಿನವೂ ಸೋರುವ ಸೌಟು ಸೌಟು ಎಣ್ಣೆಗೆ ದಿನಾಂಕವೇ ಇಲ್ಲ.

ಘಟ್ಟದ ಕಡೆಯಿಂದ ಬರುವ ಇನ್ನೊಂದು ವಸ್ತು ತಾಮ್ರ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯದೆ ತೋಟ ಉಳಿಯುವುದಿಲ್ಲ, ಆ ಮಾತಿನಲ್ಲಿ ನನಗೆ ಸಂಶಯವಿಲ್ಲ. ಕೃಷಿಕರನ್ನು ದೂರುವುದಕ್ಕೂ ನಾನು ಬಂದಿಲ್ಲ. ಹೊಡೆದದ್ದರಲ್ಲಿ ಬಹಳಷ್ಟನ್ನು ತೋಟದ ಮಣ್ಣೇ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಡ್ರಮ್ಮು, ಪಂಪು, ಪೈಪುಗಳನ್ನು ತೋಡಿನಲ್ಲಿ ತೊಳೆದಾಗ ತಾಮ್ರ ನೇರವಾಗಿ ಹರಿಯುವ ನೀರಿಗೆ ಸೇರುತ್ತದೆ. ಮೀನಿನ ಮೂಗಿಗೆ ತಾಮ್ರ ಶತ್ರು. ಸಿಹಿನೀರಿನಲ್ಲಿ ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಹೆಚ್ಚಾದರೂ ಸಾಲ್ಮನ್ ಮರಿಗಳ ವಾಸನೆಯ ಶಕ್ತಿ ಕೆಲವು ಗಂಟೆಗಳಲ್ಲೇ ಕುಗ್ಗುವುದನ್ನು ಪ್ರಯೋಗಗಳು ತೋರಿಸಿವೆ. ಸಂಗಾತಿ ಮೀನಿಗೆ ಗಾಯವಾದಾಗ ಅದರ ಚರ್ಮದಿಂದ ಹೊರಡುವ ಅಪಾಯದ ವಾಸನೆಯನ್ನು ಗ್ರಹಿಸಿ ಮರಿಗಳು ಅಲ್ಲಾಡದೆ ನಿಂತುಬಿಡುತ್ತವೆ. ತಾಮ್ರ ತಾಗಿದ ಮರಿಗಳಿಗೆ ಅದು ತಿಳಿಯುವುದಿಲ್ಲ. ಶತ್ರುವಿನ ಎದುರೇ ಈಜಾಡಿಕೊಂಡಿರುತ್ತವೆ.

ಚರ್ಮದ ಹುಣ್ಣಿನ ಬಗ್ಗೆ ಅಳಿವೆಯ ಮೀನುಗಾರರಿಗೆ ಚೆನ್ನಾಗಿ ಗೊತ್ತು. 1991ರಲ್ಲಿ ಕೇರಳದ ಕುಟ್ಟನಾಡಿನ ಹಿನ್ನೀರಿನಲ್ಲಿ ಕರಿಮೀನು ಮೊದಲಾದ ಮೀನುಗಳ ಮೈಮೇಲೆ ಕೆಂಪು ಹುಣ್ಣು ಎದ್ದು, ಮಾಂಸ ಕೊರೆದುಹೋಗಿ, ಜನ ಮೀನು ತಿನ್ನುವುದನ್ನೇ ಬಿಟ್ಟಿದ್ದರು. ಅಫನೋಮೈಸಿಸ್ ಎಂಬ ಶಿಲೀಂಧ್ರದಂಥ ಜೀವಿ ಅದಕ್ಕೆ ಕಾರಣ. ಆರೋಗ್ಯವಾದ ಮೀನಿನ ಲೋಳೆ ಅದನ್ನು ಒಳಗೆ ಬಿಡುವುದಿಲ್ಲ. ನೀರು ಹುಳಿಯಾದಾಗ ಅಥವಾ ಬೇರೆ ಯಾವುದರಿಂದಲೋ ಚರ್ಮ ಕೆಟ್ಟಾಗ ಅದಕ್ಕೆ ಬಾಗಿಲು ತೆರೆಯುತ್ತದೆ. ರೋಗಾಣು ಸದಾ ಇರುತ್ತದೆ, ಅದನ್ನು ಮೈಗೆ ಹೊಗಿಸುವುದು ಕೆಟ್ಟ ನೀರು.

ಪಚ್ಚಿಲೆ, ಕಲುವ, ಮರುವಾಯಿಗಳ ಕತೆ ಬೇರೆ. ಅವು ನೀರನ್ನು ಸೋಸಿಯೇ ಹೊಟ್ಟೆ ಹೊರೆಯುವ ಚಿಪ್ಪುಜೀವಿಗಳು, ದೊಡ್ಡ ಕಲುವವೊಂದು ದಿನಕ್ಕೆ ನೂರು ಲೀಟರಿಗೂ ಮೀರಿ ಸೋಸಬಲ್ಲದು. ನೀರಿನಲ್ಲಿದ್ದ ರೋಗಾಣು, ಲೋಹ, ಪ್ಲಾಸ್ಟಿಕ್ಕಿನ ನುಚ್ಚು ಎಲ್ಲ ಅವುಗಳ ಮೈಯಲ್ಲಿ ಸೇರುತ್ತವೆ. ಚೆನ್ನಾಗಿ ಕುದಿಸಿದರೆ ರೋಗಾಣು ಸಾಯುತ್ತದೆ, ಲೋಹ ಹೋಗುವುದಿಲ್ಲ. ಚರಂಡಿ ಸೇರುವ ಜಾಗದ ಚಿಪ್ಪನ್ನು ಹೆಕ್ಕಬೇಡಿ, ಕೊಳ್ಳಬೇಡಿ. ಅದೇ ಹೊತ್ತಿಗೆ, ಮೀನು ತಿನ್ನುವುದನ್ನು ಬಿಡಬೇಕೇ ಎಂದು ಗಾಬರಿಯಾಗುವವರಿಗೆ ಹೇಳುತ್ತೇನೆ, ಬೇಡ. ಬೂತಾಯಿ, ಬಂಗುಡೆಗಳಂಥ ಚಿಕ್ಕ, ಕಡಿಮೆ ಆಯುಸ್ಸಿನ ಮೀನುಗಳಲ್ಲಿ ಪಾದರಸ ಸೇರುವುದು ಕಡಿಮೆ. ದೊಡ್ಡ ಬೇಟೆಗಾರ ಮೀನುಗಳಲ್ಲಿ ಹೆಚ್ಚು.

ಪಾದರಸ ಎಂದಾಗ ಜಪಾನಿನ ಮಿನಮಾಟದ ಹೆಸರು ಬಾರದೆ ಇರದು. ಅಲ್ಲಿನ ರಾಸಾಯನಿಕ ಕಾರ್ಖಾನೆಯಿಂದ ಪಾದರಸ ಕೊಲ್ಲಿಗೆ ಹೋಗುತ್ತಿತ್ತು. ಮನುಷ್ಯರ ಕಾಯಿಲೆ ಅಧಿಕೃತವಾಗಿ ದಾಖಲಾದದ್ದು 1956ರಲ್ಲಿ. ಅದಕ್ಕೆ ಕೆಲವು ವರ್ಷ ಮೊದಲೇ ಮೀನುಗಳು ತೇಲತೊಡಗಿದ್ದವು, ಆ ಮೀನು ತಿಂದ ಬೆಕ್ಕುಗಳು ತಿರುತಿರುಗಿ ಬಿದ್ದು ಸತ್ತಿದ್ದವು. ಮೀನುಗಾರರು ಕಂಡಿದ್ದರು, ಹೇಳಿದ್ದರು. ವಿಸರ್ಜನೆ ನಿಂತದ್ದು 1968ರಲ್ಲಿ. ಮೀನು ಹೊರಹೋಗದಂತೆ ಕೊಲ್ಲಿಯ ಬಾಯಿಗೆ ಕಟ್ಟಿದ್ದ ತಡೆಬಲೆಯನ್ನು ತೆಗೆದದ್ದು 1997ರಲ್ಲಿ. ಮೀನಿನ ಕಾಯಿಲೆಯನ್ನು ಮೊದಲ ವರ್ಷವೇ ಗಂಭೀರವಾಗಿ ತೆಗೆದುಕೊಂಡಿದ್ದರೆ ಎಷ್ಟು ಮನೆಗಳು ಉಳಿಯುತ್ತಿದ್ದವು!

ನಾನು ಹೇಳಬೇಕೆಂದು ಬಂದ ಮಾತು ಇದೇ. ನಾವು ನೀರನ್ನು ಪರೀಕ್ಷಿಸುತ್ತೇವೆ, ಮೀನನ್ನು ಪರೀಕ್ಷಿಸುವುದಿಲ್ಲ. ಹಗಲು ಹನ್ನೊಂದು ಗಂಟೆಗೆ, ಭರತದ ಹೊತ್ತಿನಲ್ಲಿ, ಬಾಟಲಿಗೆ ತುಂಬಿದ ನೀರು ಆ ಕ್ಷಣದ ಸಂಗತಿಯನ್ನಷ್ಟೇ ಹೇಳುತ್ತದೆ. ಹಿಂದಿನ ರಾತ್ರಿ ಇಳಿತದಲ್ಲಿ ಯಾರು ಏನು ಬಿಟ್ಟರು ಎಂಬುದು ಅದರಲ್ಲಿ ಇರುವುದಿಲ್ಲ. ಮೀನು ಮಾತ್ರ ರಾತ್ರಿಯೂ ಅಲ್ಲೇ ಇತ್ತು. ಅದರ ಕಿವಿರಿನಲ್ಲಿ, ಯಕೃತ್ತಿನಲ್ಲಿ, ಪಚ್ಚಿಲೆಯ ಮಾಂಸದಲ್ಲಿ ತಿಂಗಳುಗಳ ದಾಖಲೆ ಇರುತ್ತದೆ. ಅಮೆರಿಕದ ವಿಜ್ಞಾನಿ ಎಡ್ವರ್ಡ್ ಗೋಲ್ಡ್‌ಬರ್ಗ್ 1975ರಲ್ಲಿ ಪಚ್ಚಿಲೆಯನ್ನೇ ಕಡಲಿನ ಕಾವಲಿಗೆ ಇಡೋಣ ಎಂದು ಸೂಚಿಸಿದರು. 1986ರಿಂದ ಅಲ್ಲಿನ ಸರ್ಕಾರ ಅದನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ನಡೆಸಿತು. ನಮ್ಮಲ್ಲಿ ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಿಂದ ಇದೆ, ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಶಾಖೆ ಇದೆ. ಸೂಕ್ಷ್ಮದರ್ಶಕವೂ ಇದೆ, ನೋಡಬಲ್ಲ ಕಣ್ಣುಗಳೂ ಇವೆ. ನೇತ್ರಾವತಿ, ಫಲ್ಗುಣಿಗಳ ಅಳಿವೆಯಿಂದ ಕಾಳಿಯ ಅಳಿವೆಯ ವರೆಗೆ ಪ್ರತಿವರ್ಷ ನಂಗು, ಪಚ್ಚಿಲೆಗಳನ್ನು ಹಿಡಿದು ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಊರವರಿಗೆ ಗೊತ್ತಾಗುವ ಹಾಗೆ ಪ್ರಕಟಿಸುವುದು ಸರ್ಕಾರದ ಕರ್ತವ್ಯವಾಗಬೇಕು.

ಬೂತಾಯಿ ಕಡಿಮೆ ಬಂದಾಗಲೆಲ್ಲ ಮಾಲಿನ್ಯವೇ ಕಾರಣ ಎನ್ನುವುದೂ ಸರಿಯಲ್ಲ. ಕಡಲಿನ ಬಿಸಿ, ಪ್ರವಾಹದ ಏರುಪೇರು, ಅತಿಯಾದ ಹಿಡಿತ, ಮರಿಮೀನಿನ ಬೇಟೆ ಎಲ್ಲ ಅದರಲ್ಲಿ ಸೇರಿವೆ. ಯಾವುದರ ಪಾಲು ಎಷ್ಟು ಎಂದು ಬೇರ್ಪಡಿಸಲಿಕ್ಕಾದರೂ ಮೀನಿನ ಆರೋಗ್ಯದ ದಾಖಲೆ ಬೇಕು.

ಮತ್ತೆ, ಇದು ಕೈಮೀರಿದ ವಿಷಯವಲ್ಲ. ಈಗಲ್ ಹಾರ್ಬರಿನ ವಿಷದ ಕೆಸರಿನ ಮೇಲೆ 1993–94ರಲ್ಲಿ ಶುದ್ಧವಾದ ಮರಳು, ಮಣ್ಣು ಹರಡಿ ಮುಚ್ಚಿದರು. ಮುಂದಿನ ವರ್ಷಗಳಲ್ಲಿ ಮೀನಿನ ಯಕೃತ್ತಿನ ಕಾಯಿಲೆ ಎದ್ದುಕಾಣುವಂತೆ ಇಳಿಯಿತು. ಬಾಸ್ಟನ್ ಬಂದರಿನ ಚಪ್ಪಟೆ ಮೀನುಗಳಲ್ಲಿ 1980ರ ದಶಕದಲ್ಲಿ ಯಕೃತ್ತಿನ ಗೆಡ್ಡೆ ಸಾಮಾನ್ಯವಾಗಿತ್ತು. ಚರಂಡಿಯ ರಾಡಿ ಸುರಿಯುವುದನ್ನು 1991ರಲ್ಲಿ ನಿಲ್ಲಿಸಿ, ದೊಡ್ಡ ಶುದ್ಧೀಕರಣ ಘಟಕ ಕಟ್ಟಿ ನಡೆಸಿದ ಮೇಲೆ ಆ ಗೆಡ್ಡೆಗಳು ಇಲ್ಲವಾದವು. ಮೀನು ಬಹಳ ಬೇಗ ಚೇತರಿಸಿಕೊಳ್ಳುವ ಜೀವಿ, ನಾವು ಅವಕಾಶ ಕೊಡಬೇಕು ಅಷ್ಟೆ. ನಮ್ಮದೇ ಉತ್ತರ ಕನ್ನಡದಲ್ಲಿ ಅಘನಾಶಿನಿ ದೊಡ್ಡ ಅಣೆಕಟ್ಟಿಲ್ಲದೆ ಹರಿದು ಕಡಲು ಸೇರುತ್ತದೆ. ಅದರ ಅಳಿವೆಯಲ್ಲಿ ಬಳಚಿನ ಚಿಪ್ಪು ಹೆಕ್ಕಿ, ಸಿಗಡಿ, ಏಡಿ ಹಿಡಿದು ಸಾವಿರಾರು ಕುಟುಂಬಗಳು ಇಂದಿಗೂ ಬದುಕುತ್ತಿವೆ. 2024ರಲ್ಲಿ ಅದಕ್ಕೆ ರಾಮ್‌ಸಾರ್ ತಾಣದ ಮನ್ನಣೆ ದೊರೆತಿದೆ. ಕೆಟ್ಟ ಮೇಲೆ ಸರಿಪಡಿಸುವ ಖರ್ಚಿನ ಒಂದಂಶದಲ್ಲಿ ಅದನ್ನು ಕೆಡದಂತೆ ಕಾಯಬಹುದು.

ದೋಣಿಯವರಲ್ಲಿ, ಬೋಟಿನವರಲ್ಲಿ ನನ್ನದೊಂದು ಬಿನ್ನಹ. ಹುಣ್ಣಾದ ಮೀನು, ಬೆನ್ನು ಸೊಟ್ಟಗಾದ ಮೀನು, ಹೊಟ್ಟೆ ಸೀಳಿದಾಗ ಯಕೃತ್ತಿನಲ್ಲಿ ಗಂಟಿರುವ ಮೀನು ಸಿಕ್ಕರೆ ನೀರಿಗೆ ಎಸೆದು ಸುಮ್ಮನಾಗಬೇಡಿ. ಎಲ್ಲಿ, ಯಾವ ದಿನ, ಭರತವೋ ಇಳಿತವೋ, ನೀರಿನ ಬಣ್ಣ ಹೇಗಿತ್ತು ಎಂದು ಬರೆದಿಡಿ, ಫೋನಿನಲ್ಲಿ ಚಿತ್ರ ತೆಗೆಯಿರಿ, ಮೀನನ್ನು ಮಂಜುಗಡ್ಡೆಯಲ್ಲಿಟ್ಟು ಹತ್ತಿರದ ಮೀನುಗಾರಿಕಾ ಇಲಾಖೆಯ ಕಚೇರಿಗೆ ತಲುಪಿಸಿ ಲಿಖಿತ ಸ್ವೀಕೃತಿ ಕೇಳಿ. ದಕ್ಕೆಯಲ್ಲಿ ಕರಿಯೆಣ್ಣೆಗೆ ಒಂದು ಡ್ರಮ್ಮು ಇಡಿಸಿ, ಹೆರೆದ ಬಣ್ಣವನ್ನು ಟಾರ್ಪಾಲು ಹಾಸಿ ಸಂಗ್ರಹಿಸಿ. ತೋಟದವರು ಬೋರ್ಡೋ ಡ್ರಮ್ಮನ್ನು ತೋಡಿನಿಂದ ದೂರ ತೊಳೆಯಿರಿ. ಪೇಟೆಯವರು ನಿಮ್ಮ ಮನೆಯ ಚರಂಡಿ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆಯೇ, ಆ ಘಟಕ ದಿನವೂ ನಡೆಯುತ್ತದೆಯೇ ಎಂದು ನಿಮ್ಮ ವಾರ್ಡಿನ ಸದಸ್ಯರನ್ನು ಕೇಳಿ. ಉತ್ತರ ಬರುವ ತನಕ ಕೇಳುತ್ತಲೇ ಇರಿ.